ಮಿಕ್ಸಿಗಿಂತ ಆಂಗಲ್ ಗ್ರೈಂಡರ್ ಅಗ್ಗ ಏಕೆ? ಎರಡನ್ನೂ ಬಿಚ್ಚಿಟ್ಟು ನೋಡಿದಾಗ

850 ವ್ಯಾಟಿನ ನಾಲ್ಕಿಂಚು ಆಂಗಲ್ ಗ್ರೈಂಡರ್ ಸುಮಾರು 2,000–2,500 ರೂಪಾಯಿಗೆ ಸಿಗುತ್ತದೆ. ಮೂರು ಜಾರಿನ 750 ವ್ಯಾಟ್ ಮಿಕ್ಸಿಗೆ 3,000–4,500 ಕೊಡಬೇಕು. ಕಬ್ಬಿಣ ಕೊಯ್ಯುವ ಯಂತ್ರ ಚಟ್ನಿ ರುಬ್ಬುವ ಯಂತ್ರಕ್ಕಿಂತ ಅಗ್ಗ! ಎರಡರೊಳಗೂ ಒಂದೇ ಜಾತಿಯ ಯೂನಿವರ್ಸಲ್ ಮೋಟರ್: ಅಲುಗಾಡದ ಫೀಲ್ಡ್ ಕಾಯಿಲ್, ಅದರೊಳಗೆ ಸುತ್ತುವ ಆರ್ಮೇಚರ್, ಅದಕ್ಕೆ ಕರೆಂಟ್ ಮುಟ್ಟಿಸುವ ಒಂದು ಜೊತೆ ಕಾರ್ಬನ್ ಬ್ರಷ್.

ಬಿಚ್ಚಿಟ್ಟರೆ ಗ್ರೈಂಡರಿನ ಸಾಮಾನೇ ಗಟ್ಟಿ. ಆರ್ಮೇಚರ್ ಬಾಲ್ ಬೇರಿಂಗ್ ಮೇಲೆ ಕೂರುತ್ತದೆ. ಮುಂದೆ ಸುತ್ತುವ ದಿಕ್ಕನ್ನು ಅಡ್ಡಕ್ಕೆ ತಿರುಗಿಸುವ ಬೆವೆಲ್ ಗೇರ್, ಅಲ್ಯೂಮಿನಿಯಂ ಗೇರ್ ಬಾಕ್ಸ್. ಮಿಕ್ಸಿಯಲ್ಲಿ ಗೇರ್ ಇಲ್ಲ, ಎಷ್ಟೋ ಮಾಡೆಲ್‌ಗಳಲ್ಲಿ ಬೇರಿಂಗ್ ಬದಲು ಬುಶ್, ಅಂದರೆ ಗುಂಡುಗಳಿಲ್ಲದ ಬರಿಯ ಲೋಹದ ಬಳೆ. ಹಾಗಾದರೆ ದುಡ್ಡು ಎಲ್ಲಿ ಹೋಯಿತು? ಜಾರುಗಳಿಗೆ. ಪ್ರತಿ ಜಾರಿಗೂ ಸ್ಟೀಲ್ ಪಾತ್ರೆ, ಬ್ಲೇಡು, ಸೀಲು, ಮೋಟರಿಗೆ ಜೋಡಿಸುವ ಕಪ್ಲರ್, ಮುಚ್ಚಳ ಬೇಕು. ಉಳಿದದ್ದು ದೊಡ್ಡ ಬಾಡಿ, ಸ್ಪೀಡ್ ಸ್ವಿಚ್, ಓವರ್‌ಲೋಡ್ ಬಟನ್, ವರ್ಷಗಟ್ಟಲೆ ವಾರಂಟಿಯ ಖರ್ಚು. ಗ್ರೈಂಡರಿಗೆ ಸಾಮಾನ್ಯವಾಗಿ ಆರು ತಿಂಗಳು ಅಥವಾ ಒಂದು ವರ್ಷದ ವಾರಂಟಿ, ಅಷ್ಟೆ.

ರಿಪೇರಿಯಲ್ಲಿ ಗ್ರೈಂಡರ್ ಬಹಳ ಮುಂದೆ. ಬ್ರಷ್ ಸವೆದು 5–6 ಮಿ.ಮೀ.ಗೆ ಇಳಿದರೆ ಪ್ಲಗ್ ಕಿತ್ತು, ಹಿಂದಿನ ಅಥವಾ ಪಕ್ಕದ ಮುಚ್ಚಳ ತೆಗೆದು ಹೊಸ ಜೊತೆ ಕೂರಿಸಿ, ಕೆಲವು ನಿಮಿಷ ಲೋಡ್ ಇಲ್ಲದೆ ಓಡಿಸಿದರೆ ಮುಗಿಯಿತು. ಸವೆದ ಬ್ರಷ್ಷಲ್ಲೇ ಓಡಿಸಿದರೆ ಕಿಡಿ ಹೆಚ್ಚಿ ಕಮ್ಯುಟೇಟರ್ (ಆರ್ಮೇಚರಿನಲ್ಲಿ ಬ್ರಷ್ ಉಜ್ಜುವ ತಾಮ್ರದ ಭಾಗ) ಸುಡುತ್ತದೆ. ಆಗ ಆರ್ಮೇಚರನ್ನೇ ಬದಲಿಸಬೇಕು. ಮಿಕ್ಸಿಯ ಬ್ರಷ್ ಮುಟ್ಟಲು ಸಾಮಾನ್ಯವಾಗಿ ತಳವನ್ನೇ ಕಳಚಬೇಕು.

ಕೆಡುವ ಕಾರಣಗಳೂ ಬೇರೆ. ಮಿಕ್ಸಿಯಲ್ಲಿ ಜಾರಿನ ಸೀಲು ಸವೆದು ನೀರು ಕೆಳಗಿಳಿಯುತ್ತದೆ, ಮೊದಲು ಬುಶ್, ಆಮೇಲೆ ಮೋಟರ್ ಹಾಳು. ಇನ್ನೊಂದು, ಮಿಕ್ಸಿ ಮೋಟರಿನ 30 ನಿಮಿಷದ ರೇಟಿಂಗ್, ಅಂದರೆ ಬಿಡದೆ ಅರ್ಧ ಗಂಟೆಯಲ್ಲ: 5 ನಿಮಿಷ ಓಡಿಸಿ 2 ನಿಮಿಷ ನಿಲ್ಲಿಸಬೇಕು. ಗಟ್ಟಿ ಹಿಟ್ಟನ್ನು ಬಿಡದೆ ರುಬ್ಬಿದರೆ ವೈಂಡಿಂಗ್ (ಮೋಟರಿನೊಳಗೆ ಸುತ್ತಿದ ತಂತಿ) ಸುಟ್ಟ ವಾಸನೆ ಬರುತ್ತದೆ. ಗ್ರೈಂಡರಿಗೆ ಶತ್ರು ಕಲ್ಲು, ಟೈಲ್ಸ್‌ನ ಧೂಳು. ಗಾಳಿಕಿಂಡಿಯಿಂದ ನುಗ್ಗಿ ವೈಂಡಿಂಗಿನ ಇನ್ಸುಲೇಷನ್ ಉಜ್ಜಿಹಾಕುತ್ತದೆ. ಕೆಲಸ ಮುಗಿದ ಮೇಲೆ ಬ್ಲೋವರಿನಿಂದ ಊದಿ. ಡಿಸ್ಕನ್ನು ಒತ್ತಿ ಹಿಡಿಯಬೇಡಿ: ಅಗ್ಗದವುಗಳಲ್ಲಿ ಓವರ್‌ಲೋಡ್ ರಕ್ಷಣೆ ಇರುವುದಿಲ್ಲ.

ಗ್ರೈಂಡರ್ ಅಗ್ಗವೆಂದು ಕೊಳ್ಳುವಾಗ ಎರಡು ವಿಷಯ ಬಿಡಲೇಬಾರದು. ಒಂದು, ತಾಮ್ರದ ವೈಂಡಿಂಗೇ ಎಂದು ಕೇಳಿ. ತೀರಾ ಕಡಿಮೆ ಬೆಲೆಯವುಗಳಲ್ಲಿ ಅಲ್ಯೂಮಿನಿಯಂ ತಂತಿ ಬರುತ್ತದೆ. ಎರಡು, ಡಿಸ್ಕಿನ ಸುತ್ತಲಿನ ರಕ್ಷಣಾ ಕವಚವಾದ ಗಾರ್ಡ್ ತೆಗೆದು ದೊಡ್ಡ ಡಿಸ್ಕ್ ಹಾಕಬೇಡಿ. ಮೆಷಿನ್ ನಿಮಿಷಕ್ಕೆ 11,000–12,000 ಸುತ್ತು ಸುತ್ತುತ್ತದೆ. 100 ಮಿ.ಮೀ. ಡಿಸ್ಕ್ 15,300ರವರೆಗೆ ತಡೆಯುತ್ತದೆ, 180 ಮಿ.ಮೀ.ನದು 8,500ರವರೆಗೆ ಮಾತ್ರ. ಮೀರಿದರೆ ಡಿಸ್ಕ್ ಸಿಡಿದು ಚೂರಾಗಿ ಮುಖಕ್ಕೇ ಬರಬಹುದು. ಕಣ್ಣು ಕಾಯುವ ಕನ್ನಡಕದ ಬೆಲೆಯನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ.

ವ್ಯಾಕ್ಯೂಮ್ ಕ್ಲೀನರಲ್ಲೂ ಇದೇ ಕಥೆ. ವರ್ಕ್‌ಶಾಪಿನ ಡ್ರಮ್ ಮಾದರಿ ಬೆಲೆಯಲ್ಲಿ ಮನೆಯದಕ್ಕೆ ಸಮ, ಹಲವು ಸಲ ಕಡಿಮೆ, ನೀರನ್ನೂ ಎಳೆಯುತ್ತದೆ. ನೀರೆಳೆಯುವ ಮುನ್ನ ಬಟ್ಟೆ ಅಥವಾ ಕಾಗದದ ಫಿಲ್ಟರ್ ತೆಗೆದು ಸ್ಪಂಜ್ ಹಾಕಬೇಕು. ಆದರೆ ಸದ್ದು ಜಾಸ್ತಿ, ಸೋಫಾ ಸಂದಿಗೆ ನಾಜೂಕಿನ ನಾಝಲ್ ಎಲ್ಲದರ ಜೊತೆಗೂ ಬರುವುದಿಲ್ಲ. ಗ್ಯಾರೇಜ್, ಕಾರು, ಟೆರೇಸ್ ಇದ್ದವರು ಡ್ರಮ್ಮನ್ನೇ ಕೊಳ್ಳಲಿ. ಎರಡು ಕೋಣೆಯ ಫ್ಲ್ಯಾಟಿಗೆ ಮನೆಯದೇ ಸಾಕು.