ಪೆಡಲ್ ಗಟ್ಟಿಯಾಯಿತು ಅಂತ ಬ್ರೇಕ್ ಸರಿಯಾಯಿತು ಅಂದುಕೊಳ್ಳಬೇಡಿ

ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳ ಕಡೆಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಬದಲಿಸಿಕೊಂಡು ಬಂದ ಮೇಲೆ ಪೆಡಲ್ ಮೊದಲಿಗಿಂತ ಮೇಲೆಯೇ ನಿಲ್ಲುತ್ತಿದೆಯೇ? ತುಸು ಒತ್ತಿದೊಡನೆ ಗಟ್ಟಿಯಾಗುತ್ತಿದೆಯೇ? ಖುಷಿಪಡುವ ಮುಂಚೆ ತೆಗೆದ ಸಿಲಿಂಡರಿನ ಬೋರ್, ಅಂದರೆ ಒಳವ್ಯಾಸ, ಎಷ್ಟಿತ್ತು, ಹಾಕಿದ್ದು ಎಷ್ಟಿದೆ ಅಂತ ನೋಡಿಕೊಳ್ಳಿ. ಪುಣೆಯಲ್ಲಿ ನಮ್ಮ ಕಾರಿಗೆ ಆದದ್ದನ್ನು ಬರೆಯುತ್ತಿದ್ದೇನೆ. ಇಲ್ಲಿಂದ ಬೆಳಗಾವಿ, ಹುಬ್ಬಳ್ಳಿ ಕಡೆಗೆ ಹಳೆ ಕಾರಿನಲ್ಲೇ ಓಡಾಡುವ ನಮ್ಮವರು ಬಹಳ ಮಂದಿ ಇದ್ದಾರೆ, ಆ ದಾರಿಯಲ್ಲಿ ಘಾಟು ಹತ್ತಿಳಿಯದೆ ಯಾರೂ ಊರು ಮುಟ್ಟುವುದಿಲ್ಲ.

ನಮ್ಮದು ಎಬಿಎಸ್ (ಬ್ರೇಕ್ ಹೊಡೆದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾಗುವುದಕ್ಕೂ ಮುಂಚಿನ ಸಣ್ಣ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮುಂದೆ ಡಿಸ್ಕ್, ಹಿಂದೆ ಡ್ರಮ್. ಸಿಗ್ನಲ್ಲಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟು ನಿಂತರೆ ಪೆಡಲ್ ಮೆಲ್ಲಗೆ ಕೆಳಗೆ ಜಾರತೊಡಗಿತ್ತು. ಹೊರಗೆಲ್ಲೂ ಬ್ರೇಕ್ ಆಯಿಲ್ ಸೋರಿದ ಗುರುತಿಲ್ಲ, ಡಬ್ಬಿಯಲ್ಲಿ ಮಟ್ಟವೂ ಇಳಿದಿಲ್ಲ. ಮಾಸ್ಟರಿನ ಒಳಗಿನ ರಬ್ಬರ್ ಸೀಲ್ ಸವೆದು, ಒತ್ತಡದಲ್ಲಿರುವ ಆಯಿಲ್ ಅದನ್ನು ದಾಟಿ ಹಿಂದಕ್ಕೆ ನುಸುಳುವಾಗ ಹೀಗಾಗುತ್ತದೆ. ಗ್ಯಾರೇಜಿನವನು ವಿಜಯಪುರದ ಕಡೆಯ ಹುಡುಗ, ನಮ್ಮ ಭಾಷೆಯವನು ಅನ್ನುವ ಸಲುಗೆ ಬೇರೆ. ರೋಗ ಸರಿಯಾಗಿಯೇ ಹಿಡಿದ. "ಕಿಟ್ ಹಾಕಿದ್ರ ಮತ್ತ ಇದ ತ್ರಾಸ ಸರ, ಇಡೀ ಮಾಸ್ಟರ್ ಬದಲಿ ಮಾಡೂನು" ಅಂದ. ಕಿಟ್ ಅಂದರೆ ಒಳಗಿನ ಸೀಲ್ ಮಾತ್ರ ಬದಲಿಸುವುದು. ಅವನದು ಸರಿಯಾದ ಮಾತೇ. ಎಡವಿದ್ದು ಅಂಗಡಿಯಿಂದ ತಂದ ಸಾಮಾನಿನಲ್ಲಿ.

ಸಂಜೆ ಗಾಡಿ ಕೊಡುವಾಗ ಅವನ ಮುಖದಲ್ಲಿ ಹೆಮ್ಮೆ. "ನೋಡ್ರಿ, ಪೆಡಲ್ ಎಷ್ಟ್ ಗಟ್ಟಿ ಆಗ್ಯಾದ. ಮೊದ್ಲ ಅರ್ಧ ತನಕ ಹೋಗ್ತಿತ್ತು, ಈಗ ಮ್ಯಾಲೇ ಹಿಡೀತೈತಿ." ಓಣಿಯೊಳಗೆ ಒಂದು ಸುತ್ತು ಹೊಡೆದರೆ ಯಾರಾದರೂ ಒಪ್ಪುವಂತೆಯೇ ಇತ್ತು.

ಮೊದಲು ತಕರಾರು ತೆಗೆದವಳು ನನ್ನ ಹೆಂಡತಿ. "ಇದು ಹಿಡಿಯೂದಿಲ್ಲ. ನಾ ಪೆಡಲ್ ಮ್ಯಾಲೆ ಎದ್ದು ನಿಲ್ಲಬೇಕಾಗ್ತದ" ಅಂದಳು. ಗ್ಯಾರೇಜಿನಲ್ಲಿ ಇದಕ್ಕೆ ಸಿಕ್ಕ ಉತ್ತರ, "ಅಕ್ಕಾರಿಗೆ ಹಳೇದು ರೂಢಿ ಆಗಿತ್ತಲ್ರಿ, ಹೊಂದಿಕೊಳ್ತಾರ." ಬ್ರೇಕ್ ಒತ್ತಲು ಹೆಚ್ಚು ಬಲ ಬೇಕಾಗುತ್ತಿದ್ದರೆ ಅದು ಹಗುರ ಕಾಲಿನವರಿಗೇ ಮೊದಲು ಗೊತ್ತಾಗುವುದು, ಅವರ ಮಾತನ್ನೇ ಗ್ಯಾರೇಜಿನಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಎರಡನೇ ಸಲ ಹೋದಾಗ ಪೈಪಿನಲ್ಲಿ ಏರ್ ಇದೆಯೇನೋ ಅಂತ ಅದನ್ನು ಹೊರಹಾಕುವ ಬ್ಲೀಡಿಂಗ್ ಮತ್ತೆ ಮಾಡಿದರು, ಪ್ಯಾಡ್ ಬದಲಿಸಿದರು, ಬಿಲ್ಲೂ ಹಾಕಿದರು. ಏರ್ ಇದ್ದಿದ್ದರೆ ಪೆಡಲ್ ಮೆತ್ತಗಿರಬೇಕಿತ್ತು. ಗಟ್ಟಿ ಪೆಡಲಿಗೆ ಏರ್ ತೆಗೆಯುವ ಬುದ್ಧಿವಂತಿಕೆ ನನಗೆ ಈಗಲೂ ಅರ್ಥವಾಗಿಲ್ಲ.

ಆಮೇಲೆ ಧಾರವಾಡದಿಂದ ಅಪ್ಪ-ಅವ್ವನನ್ನು ಕರೆದುಕೊಂಡು, ಡಿಕ್ಕಿಯಲ್ಲಿ ಜೋಳದ ಚೀಲ ಇಟ್ಟುಕೊಂಡು ವಾಪಸ್ ಬರುತ್ತಿದ್ದೆವು. ಸಾತಾರಾ ಕಡೆಯಿಂದ ಕಾತ್ರಜದ ಹೊಸ ಸುರಂಗ ದಾಟಿದ ಮೇಲೆ ನವಲೆ ಬ್ರಿಜ್ ತನಕ ಒಂದೇ ಸಮನೆ ಇಳಿಜಾರು. ಲಾರಿಗಳ ಬ್ರೇಕ್ ಹೋಗಿ ಆಗುವ ಅಪಘಾತಗಳಿಗೆ ಆ ಜಾಗ ಕುಖ್ಯಾತ, ಪುಣೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮೂರನೇ ಗೇರಿನಲ್ಲೇ ಇಳಿಯುತ್ತಿದ್ದೆ. ಮುಂದಿನ ಲಾರಿ ತಟ್ಟನೆ ನಿಂತಿತು. ಬ್ರೇಕ್ ಒತ್ತಿದೆ. ಪೆಡಲ್ ಸ್ವಲ್ಪ ಇಳಿದು ಅಲ್ಲೇ ನಿಂತುಬಿಟ್ಟಿತು, ಇನ್ನೂ ಜೋರಾಗಿ ತುಳಿದರೂ ಕಾರು ತನ್ನ ಪಾಡಿಗೆ ತಾನು ವೇಗ ಇಳಿಸುತ್ತಿತ್ತೇ ಹೊರತು ಕಚ್ಚಿ ಹಿಡಿಯಲಿಲ್ಲ. ಎರಡನೇ ಗೇರಿಗೆ ಎಳೆದು, ಹ್ಯಾಂಡ್‌ಬ್ರೇಕೂ ಎಳೆದೆ. ಲಾರಿಯ ಹಿಂದಿನ ಕಬ್ಬಿಣದ ಗಾರ್ಡಿಗೆ ನಮ್ಮ ಬಾನೆಟ್ಟಿನ ತುದಿ ತಾಗಿ ಗ್ರಿಲ್ ಪುಡಿಯಾಯಿತು. ಎಲ್ಲರೂ ಬೆಲ್ಟ್ ಹಾಕಿದ್ದರು, ಯಾರಿಗೂ ಏನೂ ಆಗಲಿಲ್ಲ.

ನನ್ನ ತಲೆ ಕೊರೆದದ್ದು ಒಂದೇ ಸಂಗತಿ. ಅಷ್ಟು ತುಳಿದರೂ ಮುಂದಿನ ಟೈರ್ ಒಂದು ಸಲವೂ ಚೀರಲಿಲ್ಲ. ಎಬಿಎಸ್ ಇಲ್ಲದ ಗಾಡಿ, ಒಣ ರಸ್ತೆ, ಎರಡೂ ಕಾಲಿನ ಬಲ ಒಂದೇ ಕಾಲಿಗೆ ಹಾಕಿದ್ದೇನೆ, ಆದರೂ ಚಕ್ರ ಲಾಕ್ ಆಗುವ ಹತ್ತಿರಕ್ಕೂ ಹೋಗಿಲ್ಲ. ಅಂದರೆ ರಸ್ತೆಯ ಹಿಡಿತ ಇನ್ನೂ ಬಾಕಿ ಇತ್ತು, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿಗೆ ಮುಟ್ಟಿದ ಒತ್ತಡವೇ ಸಾಲಲಿಲ್ಲ. ಇಳಿಜಾರು, ತೂಕ, ಕಾದ ಪ್ಯಾಡ್ ಇವೂ ಸೇರಿದ್ದವು, ಇಲ್ಲವೆನ್ನುವುದಿಲ್ಲ. ಆದರೆ ಅದೇ ದಾರಿಯಲ್ಲಿ ಅದೇ ತೂಕ ಹೊತ್ತು ಆ ಕಾರು ಮುಂಚೆಯೂ ಇಳಿದಿದೆ.

ತೆಗೆದ ಹಳೆ ಮಾಸ್ಟರ್ ಡಿಕ್ಕಿಯಲ್ಲೇ ಪ್ಲಾಸ್ಟಿಕ್ ಚೀಲದಲ್ಲಿತ್ತು. ಭೋಸರಿ ಕೈಗಾರಿಕಾ ಪ್ರದೇಶದ ಮಷಿನ್ ಶಾಪಿನಲ್ಲಿರುವ ನಮ್ಮ ಮಾವನ ಮಗ ಅದನ್ನು ಒರೆಸಿ ತೋರಿಸಿದ. ಮೈಮೇಲೆ ಎರಕದಲ್ಲೇ 3/4 ಅಂತ ಮೂಡಿತ್ತು, ಅದು ಇಂಚಿನಲ್ಲಿ ಬೋರ್. ಬಾನೆಟ್ ಎತ್ತಿ, ಮೊಬೈಲ್ ಟಾರ್ಚ್ ಹಿಡಿದು ಹೊಸದರ ಪಕ್ಕೆ ನೋಡಿದರೆ 7/8. ಒಂದೇ ಮಾದರಿಯ ಕಾರಿನಲ್ಲೂ ವೇರಿಯಂಟ್ ಬದಲಾದರೆ ಕ್ಯಾಲಿಪರ್ ದೊಡ್ಡದಾಗಬಹುದು, ಅದಕ್ಕೆ ತಕ್ಕ ಹಾಗೆ ಬೋರೂ. ಸಿಲಿಂಡರ್ ಕೂರಿಸುವ ಫ್ಲ್ಯಾಂಜಿನ ಎರಡು ಬೋಲ್ಟಿನ ಅಂತರ ಒಂದೇ, ಪೈಪಿನ ನಟ್ಟೂ ಒಂದೇ. ಹಾಗಾಗಿ ಕೂತುಬಿಡುತ್ತದೆ, ಕೂತದ್ದೆಲ್ಲ ಸರಿ ಅನ್ನುವವರ ಕೈಯಲ್ಲಿ ಗಾಡಿ ರಸ್ತೆಗೂ ಬಂದುಬಿಡುತ್ತದೆ.

ಎಂಟನೇ ಒಂದು ಇಂಚಿನಿಂದ ಏನಾದೀತು ಅನ್ನಿಸಬಹುದು. ಲೆಕ್ಕಕ್ಕೆ ಬರುವುದು ವ್ಯಾಸವಲ್ಲ, ಸಿಲಿಂಡರಿನೊಳಗೆ ಸರಿದು ಆಯಿಲ್ ತಳ್ಳುವ ಪಿಸ್ಟನ್ನಿನ ವಿಸ್ತೀರ್ಣ. ಅದು ವ್ಯಾಸದ ವರ್ಗದಂತೆ ಏರುತ್ತದೆ. 3/4 ಇಂಚು ಅಂದರೆ 19.05 ಮಿ.ಮೀ., ವಿಸ್ತೀರ್ಣ 285 ಚದರ ಮಿ.ಮೀ. 7/8 ಅಂದರೆ 22.2 ಮಿ.ಮೀ., ವಿಸ್ತೀರ್ಣ 388. ಶೇ. 36ರಷ್ಟು ಹೆಚ್ಚು. ಪಿಸ್ಟನ್ನನ್ನು ನೂಕುವ ಪುಶ್ ರಾಡಿನ ಮೇಲೆ 100 ಕಿಲೋ ತೂಕದಷ್ಟು ಬಲ ಬಿದ್ದರೆ ಸಣ್ಣದರಲ್ಲಿ ಸುಮಾರು 34 ಬಾರ್ ಒತ್ತಡ ಹುಟ್ಟುತ್ತದೆ, ದೊಡ್ಡದರಲ್ಲಿ 25. ಅದೇ 34 ಬೇಕೆಂದರೆ 136 ಕಿಲೋ ಹಾಕಬೇಕು. ಇಂಜೆಕ್ಷನ್ನಿನ ದಪ್ಪ ಸಿರಿಂಜು ಮತ್ತು ಸಣ್ಣ ಸಿರಿಂಜು ನೀರು ತುಂಬಿ ಒತ್ತಿ ನೋಡಿದವರಿಗೆ ಇದು ಗೊತ್ತು: ದಪ್ಪದ್ದು ತುಸು ಸರಿದರೂ ಹೆಚ್ಚು ನೀರು ತಳ್ಳುತ್ತದೆ, ಬೆರಳು ಮಾತ್ರ ನೋಯುತ್ತದೆ.

ಪೆಡಲ್ ಮೇಲೆಯೇ "ಹಿಡಿದದ್ದು" ಕೂಡ ಇದರಿಂದಲೇ. ಕ್ಯಾಲಿಪರಿಗೆ ಬೇಕಾದ ಆಯಿಲ್ ಅಷ್ಟೇ, ತಳ್ಳುವ ಪಿಸ್ಟನ್ ದಪ್ಪ. ಮೊದಲು 10 ಮಿ.ಮೀ. ಸರಿಯಬೇಕಿದ್ದ ಪಿಸ್ಟನ್ ಈಗ 7 ಚಿಲ್ಲರೆ ಸರಿದರೆ ಕೆಲಸ ಮುಗಿಯಿತು. ಪೆಡಲಿನ ಲಿವರ್ ಅನುಪಾತ 4:1 ಇದ್ದರೆ, ಅಂದರೆ ಪಿಸ್ಟನ್ ಸರಿಯುವುದರ ನಾಲ್ಕು ಪಟ್ಟು ಪಾದ ಇಳಿಯುವುದಾದರೆ, ಪಾದದ ಕೆಳಗೆ 4 ಸೆಂ.ಮೀ. ಆಗುತ್ತಿದ್ದದ್ದು 3ಕ್ಕೂ ಕಡಿಮೆ. ನಡೆ ಕಡಿಮೆಯಾದಷ್ಟೂ ಒತ್ತಡವೂ ಕಡಿಮೆ. ಎರಡೂ ಒಟ್ಟಿಗೆ ಸಿಗುವುದಿಲ್ಲ.

ಹಾಗಾದರೆ ಊರೊಳಗೆ ಯಾಕೆ ಗೊತ್ತಾಗಲಿಲ್ಲ? ಅಲ್ಲಿ ಬೂಸ್ಟರ್ ಮುಚ್ಚಿಹಾಕುತ್ತದೆ. ಎಂಜಿನ್ ಎಳೆಯುವ ನಿರ್ವಾತ ಒಂದು ಬದಿ, ಹೊರಗಿನ ಗಾಳಿ ಇನ್ನೊಂದು ಬದಿ, ಆ ವ್ಯತ್ಯಾಸದಿಂದ ಬೂಸ್ಟರ್ ನಮ್ಮ ಕಾಲಿಗೆ ಬಲ ಸೇರಿಸುತ್ತದೆ. ಮೂವತ್ತರ ವೇಗದಲ್ಲಿ ನಿಲ್ಲಿಸಲು ಅದು ಧಾರಾಳ. ಆದರೆ ಅದರ ಸಹಾಯಕ್ಕೂ ಒಂದು ಮಿತಿಯಿದೆ. ಮಿತಿ ಮುಟ್ಟಿದ ಮೇಲೆ ಏರಬೇಕಾದ ಪ್ರತಿಯೊಂದು ಬಾರ್ ಬರೀ ಕಾಲಿನಿಂದಲೇ ಬರಬೇಕು. ಬೋರ್ ದೊಡ್ಡದಾದರೆ ಆ ಮಿತಿ ಕಡಿಮೆ ಒತ್ತಡದಲ್ಲೇ ಎದುರಾಗುತ್ತದೆ. ಜೀವ ಉಳಿಸುವ ಬ್ರೇಕ್ ಹೊಡೆಯುವಾಗ ನಾವು ಇರುವುದು ಅಲ್ಲೇ.

ಗಟ್ಟಿ ಪೆಡಲಿಗೆ ಬೂಸ್ಟರ್ ಕೆಟ್ಟಿರುವುದೂ ಕಾರಣ ಇರಬಹುದು, ಅದನ್ನು ಮನೆಯಲ್ಲೇ ನೋಡಬಹುದು. ಎಂಜಿನ್ ಆಫ್ ಮಾಡಿ ಪೆಡಲ್ ಪೂರ್ತಿ ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ಬಿಡಿ. ಆಮೇಲೆ ಒತ್ತಿ ಹಿಡಿದುಕೊಂಡೇ ಎಂಜಿನ್ ಚಾಲೂ ಮಾಡಿ. ಪೆಡಲ್ ತುಸು ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ನಮ್ಮದು ಇಳಿಯಿತು, ಅದಾದ ಮೇಲೆಯೇ ಹಳೆ ಚೀಲ ಬಿಚ್ಚಿದ್ದು.

ಸಣ್ಣ ಬೋರ್ ಒಳ್ಳೆಯದು ಅಂತ ಇದನ್ನು ಓದಿಕೊಳ್ಳಬೇಡಿ. ಕಂಪನಿ ಕೊಟ್ಟದ್ದಕ್ಕಿಂತ ಸಣ್ಣದು ಹಾಕಿದರೆ ಒತ್ತಡ ಹೆಚ್ಚುತ್ತದೆ, ಆದರೆ ಪೆಡಲ್ ಉದ್ದಕ್ಕೆ ಹೋಗುತ್ತದೆ, ಆಯಿಲ್ ಸಾಲುವ ಮುಂಚೆಯೇ ಪಿಸ್ಟನ್ ಕೊನೆ ಮುಟ್ಟಿದರೆ ಕಾಲು ನೆಲಕ್ಕೆ ಬಿತ್ತು ಅಂತಲೇ ಲೆಕ್ಕ. ದೊಡ್ಡ ಕ್ಯಾಲಿಪರ್ ಹಾಕಿಸುವ ಹುಡುಗರು ಮಾಸ್ಟರನ್ನು ಹಾಗೇ ಬಿಟ್ಟರೂ ಪೆಡಲ್ ಹೀಗೆಯೇ ಉದ್ದವಾಗುತ್ತದೆ. ಇನ್ನು ಸೈಜ್ ಒಂದೇ ಇದ್ದರೂ ಬೂಸ್ಟರಿನ ಪುಶ್ ರಾಡಿಗೂ ಪಿಸ್ಟನ್ನಿಗೂ ನಡುವಿನ ಗ್ಯಾಪ್ ನೋಡಿಸಿ. ಗ್ಯಾಪ್ ಇಲ್ಲದೆ ಹೋದರೆ ಕಾಲು ತೆಗೆದ ಮೇಲೂ ಆಯಿಲ್ ಡಬ್ಬಿಗೆ ವಾಪಸ್ ಹೋಗದೆ ಬ್ರೇಕ್ ಹಿಡಿದುಕೊಂಡೇ ಇರುತ್ತದೆ, ಚಕ್ರ ಕಾಯುತ್ತದೆ.

ಸಾಮಾನು ತರಲು ಕಳಿಸುವಾಗ ಹಳೆ ಪೀಸ್ ಜೊತೆಗೇ ಕಳಿಸಿ, ಚಾಸಿ ನಂಬರ್ ಕೊಡಿ, ಹೊಸದರ ಮೇಲಿನ ಸೈಜನ್ನು ಫಿಟ್ ಮಾಡುವ ಮುಂಚೆ ನೀವೇ ಓದಿ. "ಎಲ್ಲಾ ಮಾಡೆಲ್ಲಿಗೂ ಇದೇ ಬರ್ತದ" ಅಂದರೆ ಆ ಅಂಗಡಿ ಬಿಡಿ. ಪುಣೆಯಲ್ಲಿ ಗಾಡಿ ಸಾಮಾನಿನ ಅಂಗಡಿಗಳಿರುವ ನಾನಾ ಪೇಠೆಯಲ್ಲಿ ಹುಡುಕಿದರೆ ಸರಿಯಾದ ಸೈಜ್ ಸಿಕ್ಕೇ ಸಿಗುತ್ತದೆ, ನಮಗೂ ಅಲ್ಲೇ ಸಿಕ್ಕಿತು. ಗ್ಯಾರೇಜಿನವನು ಎರಡನೇ ಸಲದ ಮಜೂರಿ ಬಿಟ್ಟ, ಬಾನೆಟ್ಟಿನ ಖರ್ಚಿನ ಮಾತು ತೆಗೆದರೆ ಫೋನ್ ಎತ್ತುವುದಿಲ್ಲ.

3/4 ಹಾಕಿದ ಮೇಲೆ ಪೆಡಲ್ ಮತ್ತೆ ಕೆಳಗೆ ಹೋಗುತ್ತದೆ, ಅಪ್ಪ ನೋಡಿ ಗಾಬರಿಯಾದರು. ಕೆಳಗೆ ಹೋಗಿ ಒಂದು ಕಡೆ ನಿಂತರೆ ಚಿಂತೆಯಿಲ್ಲ. ಎಂಜಿನ್ ಚಾಲೂ ಇಟ್ಟು, ಒಂದೇ ಸಮನೆ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ನಿಲ್ಲದೆ ಜಾರುತ್ತಲೇ ಹೋದರೆ ಅದು ಸೀಲ್ ಹೋಗಿರುವುದು, ಅಂಥ ಗಾಡಿಯನ್ನು ಗ್ಯಾರೇಜಿನ ತನಕವೂ ಓಡಿಸಬೇಡಿ, ಟೋ ಮಾಡಿಸಿ.