ಡಿಎಸ್‌ಗೆ ವೀ, ಪಿಎಸ್‌ಪಿಗೆ ಪಿಎಸ್3: ಈಗ ಯಾವ ಜೋಡಿ?

ಹಳೇ ಗೇಮ್ ಸೆಟ್ ಕೊಳ್ಳಬೇಕೆಂದಿದ್ದೀರಾ? ಟಿವಿಗೆ ಜೋಡಿಸುವ ನಿಂಟೆಂಡೊ ವೀಯಿಂದ, ಕೈಯಲ್ಲಿ ಹಿಡಿದು ಆಡುವ ಡಿಎಸ್‌ಗೆ ಗೇಮ್ ಗಾಳಿಯಲ್ಲೇ ಬರುತ್ತಿತ್ತು, ವೈರೇ ಬೇಡ. ಟಿವಿಯಲ್ಲಿ ವೀಯ ‘ನಿಂಟೆಂಡೊ ಚಾನೆಲ್’ ಎಂಬ ಆ್ಯಪ್ ತೆರೆದು ಆರಿಸುವುದು, ಡಿಎಸ್‌ನಲ್ಲಿ ‘ಡೌನ್‌ಲೋಡ್ ಪ್ಲೇ’ ಒತ್ತುವುದು, ಅಷ್ಟೇ. ಆದರೆ ಬರುತ್ತಿದ್ದದ್ದು ಬರೀ ಡೆಮೊ, ಅಂದರೆ ಗೇಮಿನ ಸ್ಯಾಂಪಲ್. ಡಿಎಸ್‌ನ 4 ಎಂಬಿ ಮೆಮೊರಿಯಲ್ಲಿ ಕೂತಿರುತ್ತಿತ್ತು. ಸ್ವಿಚ್ ಆಫ್ ಮಾಡಿದರೆ ಮಾಯ! 2013ರಲ್ಲಿ ಆ ಚಾನೆಲ್ಲೇ ನಿಂತುಹೋಯಿತು. ಹಾಗಾಗಿ ಸುಮ್ನೆ ಇದಕ್ಕೋಸ್ಕರ ವೀ ಕೊಳ್ಳಬೇಡಿ.

ಟಿವಿಗೆ ಜೋಡಿಸುವ ಸೋನಿ ಪಿಎಸ್3ರಲ್ಲಿ ಡೌನ್‌ಲೋಡ್ ಮಾಡಿದ ಗೇಮನ್ನು ಕೈಯಲ್ಲಿ ಹಿಡಿದು ಆಡುವ ಪಿಎಸ್‌ಪಿಗೆ ಹಾಕಲು ಯುಎಸ್‌ಬಿ ಕೇಬಲ್ ಬೇಕು. ಸ್ವಲ್ಪ ತಲೆನೋವೇ. ಆದರೆ ಪೂರ್ತಿ ಗೇಮ್ ಬರುತ್ತದೆ, ಪಿಎಸ್‌ಪಿಯ ಮೆಮೊರಿ ಸ್ಟಿಕ್ ಕಾರ್ಡ್‌ನಲ್ಲೇ ಉಳಿಯುತ್ತದೆ. 2021ರಲ್ಲಿ ಪಿಎಸ್3ರ ಆನ್‌ಲೈನ್ ಗೇಮ್ ಅಂಗಡಿ ಮುಚ್ಚುತ್ತೇವೆ ಎಂದಿದ್ದ ಸೋನಿ, ಆಟಗಾರರ ಗಲಾಟೆ ಜಾಸ್ತಿಯಾಗಿ ಹಿಂದೆ ಸರಿಯಿತು. ನನ್ನ ಓಟು ಈ ಕೇಬಲ್‌ಗೇ. ಡಿಎಸ್ ಬೇಕೇ ಬೇಕು ಅಂದರೆ ಗೇಮ್ ಇರುವ ಕಾರ್ಡ್, ಅಂದರೆ ಕಾರ್ಟ್ರಿಡ್ಜ್ ಹುಡುಕಿ.