ಗಾಳದ ಹಳೇ ರಾಡ್ ಬಿಟ್ಟು ಹೊಸ ರಾಡ್-ರೀಲ್: ಉಪ್ಪುನೀರಲ್ಲಿ ಬಳಸಿದ ಮೇಲೆ ಒಂದಿಷ್ಟು ಮಾತು

ಮೀನು ಹಿಡಿಯುವ ರಾಡ್ ಕೊಳ್ಳಲು ಅಂಗಡಿಗೆ ಹೋದರೆ ಎಲ್ಲರೂ ಮೊದಲು ರೀಲ್, ಅಂದರೆ ದಾರ ಸುತ್ತುವ ಗಾಲಿ, ತೋರಿಸುತ್ತಾರೆ. ಎಷ್ಟು ಬೇರಿಂಗ್ ಇದೆ, ಎಷ್ಟು ನುಣ್ಣಗೆ ತಿರುಗುತ್ತೆ ನೋಡಿ ಅಂತ. ಕೆಲವು ವರ್ಷ ಬಳಸಿದ ಮೇಲೆ ನನಗನ್ನಿಸಿದ್ದು ಬೇರೆ. ವ್ಯತ್ಯಾಸ ಮಾಡಿದ್ದು ದಾರ. ರಾಡ್, ರೀಲ್ ಎರಡೂ ಆ ದಾರಕ್ಕೆ ತಕ್ಕ ಹಾಗಿದ್ದರೆ ಸಾಕು.

ನಾನು ಗಾಳ ಹಾಕುವುದು ಕುಂದಾಪುರದ ಕೋಡಿ ಬದಿಯ ಬ್ರೇಕ್‌ವಾಟರ್ (ಅಲೆ ತಡೆಯುವ ಕಲ್ಲಿನ ಒಡ್ಡು) ಮೇಲೆ, ಇಲ್ಲವೇ ಒಳಗೆ ಪಂಚಗಂಗಾವಳಿ ಹೊಳೆಯಲ್ಲಿ. ಮೊದಲಿದ್ದದ್ದು ಏಳಡಿಯ ಗಟ್ಟಿ ಫೈಬರ್ (ಫೈಬರ್‌ಗ್ಲಾಸ್) ರಾಡ್, ಕೈ ಸೋಲಿಸುವಷ್ಟು ಭಾರದ ರೀಲ್, ದಪ್ಪ ನೈಲಾನ್ ದಾರ. ಈಗಿರುವುದು ಒಂಬತ್ತಡಿಯ ಎರಡು ತುಂಡಿನ ಗ್ರಾಫೈಟ್ ರಾಡ್, 20ರಿಂದ 60 ಗ್ರಾಂ ತೂಕ ಎಸೆಯುವಂಥದ್ದು. ಜೊತೆಗೆ ಮಧ್ಯಮ ಗಾತ್ರದ, 4000 ಸೈಜಿನ ಸ್ಪಿನ್ನಿಂಗ್ ರೀಲ್, 30 ಪೌಂಡ್ ಎಳೆತ ತಡೆಯುವ ಬ್ರೇಡ್ ದಾರ. ಎಲ್ಲ ಸೇರಿ ಹತ್ತು ಸಾವಿರದ ಒಳಗೆ ಮುಗಿಯಿತು. ಕಂಪನಿ ಹೆಸರು ಹೇಳುವುದಿಲ್ಲ. ಈ ಬೆಲೆಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಒಂದೇ.

ಬ್ರೇಡ್ ಅಂದರೆ ಪಾಲಿಥಿಲೀನ್ ಎಳೆಗಳನ್ನು ಹೆಣೆದ ದಾರ. 30 ಪೌಂಡಿನ ನೈಲಾನ್ ಅರ್ಧ ಮಿ.ಮೀ.ಗೂ ದಪ್ಪ ಇರುತ್ತದೆ. ಅಷ್ಟೇ ಬಲದ ಬ್ರೇಡ್ ಅದರ ಅರ್ಧದಷ್ಟು ಬರುತ್ತದೆ. ಅಳಿವೆಯಲ್ಲಿ ಇದರ ಬೆಲೆ ಗೊತ್ತಾಗುವುದು ಇಳಿತದ ಹೊತ್ತಿಗೆ. ದಪ್ಪ ದಾರವನ್ನು ನೀರು ತಳ್ಳಿಕೊಂಡು ಹೋಗುತ್ತಿತ್ತು, ಎಷ್ಟು ಸೀಸ ಕಟ್ಟಿದರೂ ಗಾಳ ನಿಲ್ಲುತ್ತಿರಲಿಲ್ಲ. ಈಗ ಸೀಸ ಅರ್ಧಕ್ಕೆ ಇಳಿದಿದೆ. ಇನ್ನೊಂದು, ನೈಲಾನ್ ಹಿಗ್ಗುತ್ತದೆ, ಬ್ರೇಡ್ ಹಿಗ್ಗುವುದೇ ಇಲ್ಲ ಅನ್ನಬಹುದು. ಕಾಣೆ ಮೀನು ಗಾಳದ ಚಟ್ಲಿಯನ್ನು (ಸಿಗಡಿ) ಕುಟುಕಿದರೆ ಮೊದಲು ಸುಮ್ನೆ ಅಲೆ ಬಡಿದ ಹಾಗಾಗುತ್ತಿತ್ತು. ಈಗ ಬೆರಳಿಗೇ ಟಕ್ ಟಕ್ ಅಂತ ತಾಗುತ್ತದೆ.

ಹಾಗಂತ ಹಳೇ ರಾಡಿಗೆ ಬ್ರೇಡ್ ಸುತ್ತಿ ಕೂರಬೇಡಿ. ರಾಡಿನಲ್ಲಿ ದಾರ ಹಾಯುವ ಹಳೇ ಉಕ್ಕಿನ ರಿಂಗಿನಲ್ಲಿ ಅದು ಗೀರು ಕೊರೆಯುತ್ತದೆ, ಆಮೇಲೆ ಆ ಗೀರೇ ದಾರ ಕೊಯ್ಯುತ್ತದೆ. ಸೆರಾಮಿಕ್ ರಿಂಗ್ ಬೇಕೇ ಬೇಕು. ಅದರಲ್ಲಿ ಬಿರುಕು ಬಿಟ್ಟಿದೆಯಾ ಅಂತ ಆಗಾಗ ಹತ್ತಿ ಸವರಿ ನೋಡಿ. ಹತ್ತಿ ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ ಎಂದೇ ಅರ್ಥ. ರೀಲಿನಲ್ಲಿ ದಾರ ಕೂರುವ ಸ್ಪೂಲಿಗೂ ಬರೀ ಬ್ರೇಡ್ ಸುತ್ತಿದರೆ ಇಡೀ ಸುರುಳಿಯೇ ಜಾರುತ್ತದೆ. ಕೆಳಗೆ ಒಂದಿಷ್ಟು ನೈಲಾನ್ ಇರಲಿ.

ಬ್ರೇಡಿನ ದೊಡ್ಡ ತೊಂದರೆ ಕಲ್ಲು. ಬ್ರೇಕ್‌ವಾಟರ್ ಕಲ್ಲಿಗೆ ಅಂಟಿದ ಚಿಪ್ಪು ತಾಗಿದರೆ ಒಂದೇ ಏಟಿಗೆ ಕಡಿದುಹೋಗುತ್ತದೆ. ತುದಿಗೆ ಒಂದೆರಡು ಮಾರು 40 ಪೌಂಡಿನ ಲೀಡರ್, ಅಂದರೆ ಸವೆತ ತಡೆಯುವ ದಪ್ಪ ದಾರದ ತುಂಡು, ಕಟ್ಟಲೇಬೇಕು. ಅದನ್ನು ಬ್ರೇಡಿಗೆ ಜೋಡಿಸಲು ಹಾಕುವ ಎಫ್‌ಜಿ ಗಂಟು ತೆಳ್ಳಗೆ ರಿಂಗಿನಲ್ಲಿ ನುಸುಳುತ್ತದೆ, ನಿಜ. ಆದರೆ ಕತ್ತಲಲ್ಲಿ, ಗಾಳಿ ಬೀಸುವಾಗ, ಒದ್ದೆ ಕೈಯಲ್ಲಿ ಅದನ್ನು ಕಟ್ಟಿ ನೋಡಿ, ಆಮೇಲೆ ಮಾತಾಡೋಣ. ನಾನು ಮನೆಯಲ್ಲೇ ಕಟ್ಟಿಕೊಂಡು ಹೋಗುತ್ತೇನೆ.

ಇನ್ನು ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರವನ್ನು ಬಿಗಿ ಹಿಡಿದೇ ಬಿಡುವ ರೀಲಿನ ಬ್ರೇಕ್. ಹೊಸ ರೀಲಿಗೆ ಕೊಟ್ಟ ದುಡ್ಡು ವಸೂಲಾಗುವುದು ಇಲ್ಲೇ. ಕೆಂಬೇರಿ ಮೀನು ಕಚ್ಚಿದ ತಕ್ಷಣ ಕಲ್ಲಿನ ಸಂದಿಗೆ ನುಗ್ಗುತ್ತದೆ, ನಮಗೆ ಸಿಗುವುದು ಒಂದೆರಡು ಸೆಕೆಂಡ್ ಅಷ್ಟೇ. ಹಳೇ ರೀಲಿನ ಡ್ರ್ಯಾಗ್ ಮೊದಲು ಕಚ್ಚಿ ಹಿಡಿದು, ಆಮೇಲೆ ಜರ್ರನೆ ಬಿಡುತ್ತಿತ್ತು. ಆ ಜಗ್ಗಿಗೇ ದಾರ ಪಟ್ ಅನ್ನುತ್ತಿತ್ತು. ಹೊಸದು ಎಳೆದಷ್ಟೂ ಒಂದೇ ಸಮ ಬಿಡುತ್ತದೆ. ಆದರೆ ಅಂದಾಜಿನಲ್ಲಿ ತಿರುಪಬೇಡಿ. ಲಗೇಜ್ ತೂಗುವ ಕೊಕ್ಕೆ ತಕ್ಕಡಿಗೆ ದಾರ ಕಟ್ಟಿ, ರಾಡ್ ಬಾಗಿಸಿ ಎಳೆಯಿರಿ. ದಾರದ ಬಲದ ಕಾಲು ಭಾಗದಿಂದ ಮೂರನೇ ಒಂದು ಭಾಗದ ಒಳಗೆ ಬಿಡಬೇಕು. 30 ಪೌಂಡ್ ಅಂದರೆ 13 ಕಿಲೋ ಚಿಲ್ಲರೆ. ನಾನು ಮೂರೂವರೆ ಕಿಲೋಗೆ ಇಡುತ್ತೇನೆ, ಕಲ್ಲು ಜಾಸ್ತಿ ಇರುವ ಕಡೆ ನಾಲ್ಕು.

ಉಪ್ಪುನೀರಿನ ವಿಷಯಕ್ಕೆ ಬಂದರೆ, ಡಬ್ಬಿಯ ಮೇಲೆ ಏನೇ ಬರೆದಿರಲಿ, ನಂಬಬೇಡಿ. ನನ್ನ ರೀಲಿನಲ್ಲಿ ಮೊದಲು ಹೋದದ್ದು ಲೈನ್ ರೋಲರಿನ (ದಾರ ಹಾಯುವ ಉರುಳೆ) ಪುಟ್ಟ ಬೇರಿಂಗ್. ತುಕ್ಕು ಹಿಡಿದು ಕಿರ್ರ್ ಅನ್ನತೊಡಗಿತು. ಆನ್‌ಲೈನಲ್ಲಿ ಮಾರಿದವರು ವಾರಂಟಿ ಬರುವುದಿಲ್ಲ ಅಂದರು. ಕೊನೆಗೆ ಅದೇ ಅಳತೆಯ ಸ್ಟೀಲ್ ಬೇರಿಂಗ್ ತಂದು ನಾನೇ ಹಾಕಿದೆ. ಮನೆಗೆ ಬಂದ ಮೇಲೆ ಡ್ರ್ಯಾಗ್ ಬಿಗಿ ಮಾಡಿ ಸಿಹಿನೀರು ಮೆಲ್ಲಗೆ ಸುರಿಯಿರಿ. ಜೋರಾಗಿ ಪೈಪ್ ಬಿಟ್ಟರೆ ಉಪ್ಪು ಇನ್ನೂ ಒಳಗೆ ಹೋಗುತ್ತದೆ. ಒಣಗಿದ ಮೇಲೆ ಡ್ರ್ಯಾಗ್ ಸಡಿಲ ಬಿಡಿ.

ರಾಡ್ ಹಗುರ, ದೂರ ಎಸೆಯುತ್ತದೆ, ಮೂರು ಗಂಟೆ ನಿಂತರೂ ಭುಜ ನೋಯುವುದಿಲ್ಲ. ಆದರೆ ಗ್ರಾಫೈಟ್ ಫೈಬರ್‌ನಷ್ಟು ಪೆಟ್ಟು ತಡೆಯುವುದಿಲ್ಲ. ಕಲ್ಲಿನ ಮೇಲಿಂದ ಮೀನನ್ನು ರಾಡಿನಲ್ಲೇ ಎತ್ತಲು ಹೋದರೆ ತುದಿ ಮುರಿಯುತ್ತದೆ. ಕೈಬಲೆ ಒಯ್ಯಿರಿ. ಮತ್ತೆ ಗ್ರಾಫೈಟಿನಲ್ಲಿ ಕರೆಂಟ್ ಹರಿಯುತ್ತದೆ. ಮೇ ತಿಂಗಳ ಸಂಜೆ ಗುಡುಗು ಕೇಳಿಸಿದರೆ ರಾಡ್ ಮಡಚಿ ಹೊರಡಿ. ಕರೆಂಟ್ ತಂತಿಯ ಕೆಳಗಂತೂ ಬೀಸಲೇಬೇಡಿ.

ಹಳೇದನ್ನು ನಾನು ಮಾರಿಲ್ಲ. ಜೂನ್-ಜುಲೈ ಎರಡು ತಿಂಗಳು ಟ್ರಾಲರ್ ದೋಣಿಗಳಿಗೆ ನಿಷೇಧ ಇರುವಾಗ, ಹೊಳೆಯಲ್ಲಿ ಕೆಂಪು ನೀರು ಬರುವಾಗ, ಸೇತುವೆಯ ಕಂಬದ ಪಕ್ಕ ನೇರ ಕೆಳಗೆ ಬಿಡಲು ಅದೇ ಸಾಕು. ಅಲ್ಲಿ ದೂರ ಎಸೆಯುವ ಕೆಲಸವೇ ಇಲ್ಲವಲ್ಲ.

ಬ್ರೇಡಿನ ಬಣ್ಣ ಈಗ ಪೂರ್ತಿ ಬಿಳಿಚಿದೆ, ಮೇಲಿನ ಐವತ್ತು ಮೀಟರ್ ಎಳೆ ಎದ್ದಿದೆ. ಹೊಸದು ಕೊಳ್ಳುವ ಮೊದಲು ಇದನ್ನೇ ತಿರುವಿ ಸುತ್ತಿ, ಒಳಗಿನ ತುದಿ ಮೇಲೆ ಬರುವ ಹಾಗೆ ಮಾಡಿದರೆ ಇನ್ನೂ ಒಂದೆರಡು ವರ್ಷ ಆರಾಮಾಗಿ ನಡೆಯುತ್ತದೆ.